ಜೋಡಿಬೀಗಣ್ಣನ ಮನೆಯಳಿಯನೂ ಜಟ್ಟಿಯೂ

ಒಂದು ದಿನ ಬೆಳಿಗ್ಗೆ ಜೋಡಿಬೀಗಣ್ಣ ಬೀದಿಯ ನಡುವೆ ನಿಂತು ಕೆಮ್ಮಿದ. ಎಡಬದಿಯ ಮನೆಗಳ ಬೀಗಗಳೆಲ್ಲ ತಾವಾಗಿಯೇ ತೆರೆದುಕೊಂಡವು. ಬಲಬದಿಯವು ಯಾಕೆ ತೆರೆದುಕೊಳ್ಳಲಿಲ್ಲ ಎಂದು ಕೊಂಕು ತೆಗೆಯುವವರಿದ್ದಾರೆ. ಕೆಮ್ಮುವಾಗ ಅವನು ಮುಖವನ್ನು ಎಡಕ್ಕೆ ತಿರುಗಿಸಿದ್ದ, ಅಷ್ಟೇ ಸಂಗತಿ. ಬಲಕ್ಕೆ ತಿರುಗಿಸಿದ್ದರೆ ಅಲ್ಲಿದ್ದ ಬ್ಯಾಂಕಿನ ತಿಜೋರಿಯೂ ಬಾಯಿಬಿಟ್ಟು ಪೊಲೀಸರಿಗೆ ಇಲ್ಲದ ಕೆಲಸ ಹಚ್ಚಿದಂತಾಗುತ್ತಿತ್ತು. ಅಷ್ಟು ಮುಂದಾಲೋಚನೆಯ ಮನುಷ್ಯ.

ಅವನಿಗೆ ಈ ಹೆಸರು ಬಿದ್ದದ್ದು ಅವನ ಸಿದ್ಧಾಂತದಿಂದ. ಹೊಸಬರು ಹೆಸರು ಕೇಳಿ, ಯಾರೋ ಇಬ್ಬರು ಮಕ್ಕಳ ಮದುವೆ ಮಾಡಿ ಎರಡು ಕಡೆ ಬೀಗರನ್ನು ಸಂಪಾದಿಸಿದವನಿರಬೇಕು ಎಂದುಕೊಳ್ಳುವುದುಂಟು. ಹಾಗೇನಿಲ್ಲ. ಅವನು ಬೀಗ ರಿಪೇರಿಯ ಅಂಗಡಿಯವನು. ಒಂದು ಬಾಗಿಲಿಗೆ ಒಂದೇ ಬೀಗ ಹಾಕಿದವನು ಕಳ್ಳನಿಗೆ ಅರ್ಧ ಬಾಗಿಲು ತೆರೆದುಕೊಟ್ಟ ಹಾಗೆ ಎಂಬುದು ಅವನ ಮತ. ಅವನ ಅಂಗಡಿಗೆ ಎರಡು ಬೀಗ, ಮನೆಗೆ ಎರಡು, ಸೈಕಲ್ಲಿಗೆ ಎರಡು, ಮಧ್ಯಾಹ್ನದ ಊಟದ ಡಬ್ಬಿಗೂ ಎರಡು. ಡಬ್ಬಿಯ ಒಂದು ಬೀಗದ ಕೈಯನ್ನು ಮನೆಯಲ್ಲೇ ಮರೆತು ಬಂದ ದಿನಗಳಲ್ಲಿ ಅವನು ಖಾಲಿ ಹೊಟ್ಟೆಯಲ್ಲೇ ಅರ ತಿಕ್ಕುತ್ತಾ ಕೂರುತ್ತಿದ್ದ. ತಾನು ಹಾಕಿದ ಬೀಗವನ್ನು ತಾನೇ ಮುರಿಯುವುದು ಕಸುಬಿಗೆ ಅವಮಾನ. ಯಾರಾದರೂ ಅಯ್ಯೋ ಪಾಪ ಅಂದರೆ, "ಊಟ ಕ್ಷೇಮವಾಗಿದೆಯಲ್ಲ" ಎನ್ನುತ್ತಿದ್ದ.

ಈ ಕಸುಬಿನಲ್ಲಿ ಅವನು ಪಾಲಿಸಿಕೊಂಡು ಬಂದ ಇನ್ನೆರಡು ಕಟ್ಟಳೆಗಳನ್ನೂ ಹೇಳಿಬಿಡಬೇಕು. ಮನೆಯ ಜೊತೆಗೇ ಬಂದ ಬೀಗವನ್ನು ಅವನು ಯಾವತ್ತೂ ನಂಬುತ್ತಿರಲಿಲ್ಲ. ಕಟ್ಟಿಸಿದವನ ಜೇಬಿನಲ್ಲಿ ಅದರ ಇನ್ನೊಂದು ಕೈ ಇದ್ದೇ ಇರುತ್ತದೆ ಎಂದು ಅವನ ವಾದ. ಹಾಗಂತ ಅದನ್ನು ಕಿತ್ತೆಸೆಯುವವನೂ ಅಲ್ಲ. ಅದರ ಪಕ್ಕದಲ್ಲಿ ತನ್ನದೊಂದನ್ನು ಕೂರಿಸಿ ಕೈ ಒರೆಸಿಕೊಂಡು ಹೊರಡುತ್ತಿದ್ದ. ಬಾಗಿಲ ಮೇಲೆ ಕೂತ ಬೀಗವನ್ನು ಇಳಿಸಿದ್ದು ಅವನ ಕಸುಬಿನ ಚರಿತ್ರೆಯಲ್ಲೇ ಇಲ್ಲ. ಇನ್ನೊಂದು ಕಟ್ಟಳೆ ಇನ್ನೂ ಬಿಗಿ: ಮಾಸ್ಟರ್ ಕೀ ನಕ್ಷೆಯನ್ನು ಕಾಗದದ ಮೇಲೆ ಉಳಿಸಬಾರದು. ಯಾವ ಬೀಗದ ಕೈ ಯಾವ ಯಾವ ಬಾಗಿಲನ್ನು ತೆರೆಯುತ್ತದೆ ಎಂಬುದು ಬರಹದಲ್ಲಿ ಬಿದ್ದಿದ್ದರೆ ಆ ಕಟ್ಟಡಕ್ಕೆ ಬೀಗವೇ ಇಲ್ಲದಂತೆ. ಬರೆದದ್ದನ್ನೆಲ್ಲ ಕೆಲಸ ಮುಗಿದ ತಕ್ಷಣ ಒಲೆಗೆ ಹಾಕುತ್ತಿದ್ದ.

ಇಂಥವನ ಬಾಳಿನಲ್ಲಿ ಆಸ್ಪತ್ರೆಯ ಹೊಸ ಕಟ್ಟಡ ಎದ್ದು ನಿಂತಿತು.

ಅದರ ಬಾಗಿಲುಗಳನ್ನು ಎಣಿಸಲು ಹೋದ ಮೇಸ್ತ್ರಿ ವಾಪಸ್ಸೇ ಬರಲಿಲ್ಲವಂತೆ, ಅಷ್ಟು ಬಾಗಿಲು. ನರ್ಸಿನ ಕೈಯಲ್ಲಿರುವ ಬೀಗದ ಕೈ ಅವಳ ವಾರ್ಡನ್ನಷ್ಟೇ ತೆರೆಯಬೇಕು, ದೊಡ್ಡ ಡಾಕ್ಟರದ್ದು ಎಲ್ಲವನ್ನೂ ತೆರೆಯಬೇಕು, ಔಷಧಿ ಕೋಣೆಯನ್ನು ಮಾತ್ರ ಇಬ್ಬರದು ಬಿಟ್ಟು ಮೂರನೆಯವರದು ತೆರೆಯಕೂಡದು. ಇದಕ್ಕೆ ನಕ್ಷೆ ಮಾಡಿಕೊಂಡು ಬನ್ನಿ ಎಂದು ಆಡಳಿತಾಧಿಕಾರಿ ಎರಡು ಅಂಗಡಿಗಳಿಗೆ ಹೇಳಿದ್ದರು: ಒಂದು ಜೋಡಿಬೀಗಣ್ಣನದು, ಇನ್ನೊಂದು ರಸ್ತೆಯಾಚೆ ಗಾಜಿನ ಬಾಗಿಲು ಹಾಕಿಸಿಕೊಂಡು ಕೂತ ಎದುರಂಗಡಿಯವನದು. ಸೋಮವಾರ ಹನ್ನೊಂದಕ್ಕೆ ಯಾರ ನಕ್ಷೆ ಚೆನ್ನಾಗಿರುತ್ತದೋ ಇಡೀ ಕಟ್ಟಡ ಅವರದು. ಈ ಕೆಲಸ ಸಿಕ್ಕರೆ ಜೋಡಿಬೀಗಣ್ಣ ಊರಿಗೇ ಬೀಗದ ಮೇಷ್ಟ್ರು. ಸಿಗದಿದ್ದರೆ ಮಿಕ್ಕ ಆಯುಷ್ಯವೆಲ್ಲ ಸೂಟ್‌ಕೇಸಿನ ಜಿಪ್ಪಿಗೆ ಎಣ್ಣೆ ಬಿಡುತ್ತಾ, ರಸ್ತೆಯಾಚೆಯ ಗಾಜಿನಲ್ಲಿ ತನ್ನದೇ ಮುಖ ನೋಡಿಕೊಂಡಿರಬೇಕು.

ಆಸ್ಪತ್ರೆಯವರು ನಕ್ಷೆ ಕಂಪ್ಯೂಟರಿನಲ್ಲಿದ್ದರೆ ಒಳ್ಳೆಯದು ಎಂದಿದ್ದರಿಂದ ಅವನು ಲ್ಯಾಪ್‌ಟಾಪ್ ಒಂದನ್ನು ಕೊಂಡ. ಕೊಂಡವನು ಅವನಾದರೂ ಬೆರಳು ಹೆಂಡತಿಯದು. ಅವಳು ಮದುವೆಗೆ ಮುಂಚೆ ಟೈಪಿಂಗ್ ಕಲಿತವಳು. ಅವಳ ಬೆನ್ನ ಹಿಂದೆ ನಿಂತು ಇವನು ಅಪ್ಪಣೆ ಕೊಡುವುದು, ಅವಳು ಟಕಟಕ ಬಡಿಯುವುದು, ಹೀಗೆ ಸಂಸಾರ ನಡೆಯಿತು.

ಮೊದಲ ದಿನವೇ ಪರದೆಯ ಮೂಲೆಯಲ್ಲಿ ಒಂದು ಗುರಾಣಿಯ ಚಿತ್ರ ಮೂಡಿ, "ನಾನು ನಿಮ್ಮ ಕಂಪ್ಯೂಟರನ್ನು ರಕ್ಷಿಸುತ್ತಿದ್ದೇನೆ" ಎಂದಿತು.

ಜೋಡಿಬೀಗಣ್ಣ ಕನ್ನಡಕ ಸರಿಮಾಡಿಕೊಂಡ. "ಯಾರಿವನು?"

"ವೈರಸ್ಸು ಬರದ ಹಾಗೆ ಕಾಯೋ ಪ್ರೋಗ್ರಾಂ ಕಣ್ರೀ. ಲ್ಯಾಪ್‌ಟಾಪ್ ಜೊತೆಗೇ ಬಂದಿರತ್ತೆ" ಎಂದಳು ಹೆಂಡತಿ.

"ಜೊತೆಗೇ ಬಂದನಾ? ಕರೆದವರು ಯಾರು?"

"ಯಾರೂ ಕರೀಲಿಲ್ಲ. ಕಂಪ್ಯೂಟರ್ ಕಂಪನಿಯೋರು ಹಾಕಿ ಕಳಿಸ್ತಾರೆ."

"ಹಾಗಾದ್ರೆ ಮನೆಯಳಿಯ" ಎಂದು ಅವನು ತೀರ್ಪು ಕೊಟ್ಟ. "ಉಣ್ಣೋದು ನಮ್ಮದು, ನಿಷ್ಠೆ ಅವರಪ್ಪನ ಮನೆಗೆ. ಇವನ ಕೈಯಲ್ಲಿ ಆಸ್ಪತ್ರೆ ಬಾಗಿಲು ಕೊಡೋದಾ? ನಾನಿರೋವರೆಗೆ ಆಗಲ್ಲ."

ಅವತ್ತೇ ಮಧ್ಯಾಹ್ನ ಅವನು ಕಂಪ್ಯೂಟರಿನ ಅಂಗಡಿಗೆ ಹೋಗಿ, ಕಪಾಟಿನ ತುಂಬ ಇದ್ದ ಕಾವಲು ಪ್ರೋಗ್ರಾಮುಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಅಂಗಡಿಯವನು ವೇಗ, ಗುಣ, ವರ್ಷದ ಕರಾರು ಎಂದು ಏನೇನೋ ಒದರುತ್ತಿದ್ದ. ಇವನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದರ ಮೇಲೆ ಹದ್ದು, ಒಂದರ ಮೇಲೆ ಕೊಡೆ, ಒಂದರ ಮೇಲೆ ನಗುತ್ತಿದ್ದ ಹುಡುಗಿ. ಕೊನೆಗೆ ಒಂದರ ಮೇಲೆ ದಪ್ಪನೆಯ ಹಿತ್ತಾಳೆ ಬೀಗದ ಚಿತ್ರ ಸಿಕ್ಕಿತು.

"ಇದು ಏಳು ಲಿವರಿನ ಬೀಗ" ಎಂದ ಅವನು ಗದ್ಗದಿತನಾಗಿ. "ಈ ಕಂಪನಿಯೋರಿಗೆ ವಿಷಯ ಗೊತ್ತಿದೆ. ಕೊಡಿ."

"ಅದು ಬರೀ ಚಿತ್ರ, ಯಜಮಾನ್ರೆ" ಎಂದ ಅಂಗಡಿಯವನು.

"ಚಿತ್ರ ಬರೆಯುವಾಗ ಇಷ್ಟು ನಿಯತ್ತು ಇಟ್ಟುಕೊಂಡೋರು ಪ್ರೋಗ್ರಾಂ ಬರೆಯುವಾಗ ಬಿಡ್ತಾರಾ?"

ಹೀಗೆ ಜಟ್ಟಿ ಮನೆಗೆ ಬಂದ. ಜಟ್ಟಿ ಎಂದು ಹೆಸರಿಟ್ಟವನು ಜೋಡಿಬೀಗಣ್ಣನೇ; ಪೆಟ್ಟಿಗೆಯ ಮೇಲಿದ್ದ ಹೆಸರು ಅವನ ನಾಲಿಗೆಗೆ ಹೊರಳಲಿಲ್ಲ. ಹೆಂಡತಿ ಅದನ್ನು ಲ್ಯಾಪ್‌ಟಾಪಿಗೆ ಹಾಕುವಾಗ ನಡುವೆ ಒಂದು ಪ್ರಶ್ನೆ ಬಂತು: ಇಲ್ಲಿ ಈಗಾಗಲೇ ಬೇರೊಂದು ಕಾವಲು ಪ್ರೋಗ್ರಾಂ ಇದೆ, ಎರಡೂ ಒಟ್ಟಿಗಿದ್ದರೆ ತೊಂದರೆ, ಅದನ್ನು ತೆಗೆಯೋಣವೇ ಅಥವಾ ಹಾಗೇ ಮುಂದುವರಿಯೋಣವೇ?

"ತೆಗೆದುಬಿಡ್ಲಾ?" ಎಂದಳು ಹೆಂಡತಿ.

"ಬಾಗಿಲ ಮೇಲಿರೋ ಬೀಗ ತೆಗೆಯೋದಾ? ನಮ್ಮ ವಂಶದಲ್ಲಿ ಇಲ್ಲ."

"ಇಬ್ಬರೂ ಇದ್ರೆ ಜಗಳ ಆಡ್ತಾರೆ ಅಂತ ಅವರೇ ಹೇಳ್ತಿದಾರಲ್ರೀ."

"ಎರಡು ಬೀಗ ಜಗಳ ಆಡಿದ್ದನ್ನ ನೀನು ಎಲ್ಲಾದ್ರೂ ನೋಡಿದೀಯಾ? ಮುಂದುವರಿ ಅಂತ ಒತ್ತು."

ಅವಳು ಅವನ ಮುಖ ನೋಡಿದಳು, ಪರದೆ ನೋಡಿದಳು, ಒತ್ತಿದಳು.

ಅವತ್ತಿನಿಂದ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಒಂದು ಸದ್ದು ಶುರುವಾಯಿತು. ಒಳಗಿನ ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ ಪಕ್ಕದ ಅಂಗಡಿಯ ದರ್ಜಿ ತನ್ನ ಹೊಲಿಗೆ ಯಂತ್ರವನ್ನು ನಿಲ್ಲಿಸಿ, ಯಾವ ವಿಮಾನ ಇಳಿಯುತ್ತಿದೆ ಎಂದು ಆಕಾಶ ನೋಡುತ್ತಿದ್ದ. ಕೀಲಿಮಣೆಯ ಮೇಲೆ ಒಂದಕ್ಷರ ಒತ್ತಿ, ಹೋಗಿ ಮುಖ ತೊಳೆದುಕೊಂಡು ಬಂದರೆ ಅದು ಪರದೆಯ ಮೇಲೆ ಆಕಳಿಸುತ್ತಾ ಕಾಣಿಸಿಕೊಳ್ಳುತ್ತಿತ್ತು. ಮನೆಯಳಿಯ ಬಾಗಿಲು ಬಾಗಿಲಿಗೆ ಹೋಗಿ ತಡಕುವುದು, ಅವನು ತಡಕಿದ್ದನ್ನು ಜಟ್ಟಿ ಹಿಂದೆಯೇ ಹೋಗಿ ತಡಕುವುದು, ಜಟ್ಟಿ ಯಾಕೆ ತಡಕಿದ ಎಂದು ಮನೆಯಳಿಯ ಮತ್ತೆ ವಾಪಸ್ಸು ಬರುವುದು. ನಡುವೆ ಮೂಲೆಯಲ್ಲಿ ದೂರುಗಳು ಮೂಡುತ್ತಿದ್ದವು. "ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದೆ" ಎಂದು ಮನೆಯಳಿಯ ಅನ್ನುವಷ್ಟರಲ್ಲಿ, "ಅಪಾಯಕಾರಿ ಪ್ರೋಗ್ರಾಂ ಪತ್ತೆ" ಎಂದು ಜಟ್ಟಿ ಅವನ ಮೇಲೇ ತಿರುಗಿಸಿ ಹೇಳುತ್ತಿದ್ದ.

"ನೋಡು, ಎಷ್ಟು ಎಚ್ಚರ" ಎನ್ನುತ್ತಿದ್ದ ಜೋಡಿಬೀಗಣ್ಣ. "ನಿದ್ದೆ ಅನ್ನೋದೇ ಇಲ್ಲ ಇವರಿಗೆ."

ಅವನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ರಾಷ್ಟ್ರಪತಿಗಳ ಕಂಪ್ಯೂಟರಿಗೂ ಒಬ್ಬನೇ ಕಾವಲು, ನನ್ನದಕ್ಕೆ ಇಬ್ಬರು ಎಂದ. ಇದನ್ನು ಕೇಳಿದ ನಿವೃತ್ತ ಪೋಸ್ಟ್‌ಮಾಸ್ತರು, "ಇಬ್ಬರು ಗುಮಾಸ್ತರು ಒಂದೇ ಸೀಲು ಹಿಡಕೊಂಡ್ರೆ ಅಂಚೆ ಹೊರಡಲ್ಲ ಕಣಪ್ಪಾ" ಎಂದರು. ಅವರಿಗೆ ವಯಸ್ಸಾಗಿದೆ ಎಂದು ಇವನು ಅದನ್ನು ಅಲ್ಲಿಗೇ ಬಿಟ್ಟ.

ಹೀಗೆ ಕುಂಟುತ್ತಾ ತೆವಳುತ್ತಾ ನಕ್ಷೆ ಮುಗಿಯಿತು. ಭಾನುವಾರ ಮಧ್ಯಾಹ್ನ ಜೋಡಿಬೀಗಣ್ಣ ಕರಡು ಕಾಗದಗಳನ್ನೆಲ್ಲ ಒಟ್ಟುಮಾಡಿ ಕಟ್ಟಳೆಯ ಪ್ರಕಾರ ಒಲೆಗೆ ಹಾಕಿ, ಬೂದಿಯನ್ನೂ ಕೈಯಲ್ಲಿ ಹೊಸೆದು ಪುಡಿ ಮಾಡಿದ. ಈಗ ಆ ನಕ್ಷೆ ಇದ್ದದ್ದು ಪ್ರಪಂಚದಲ್ಲಿ ಒಂದೇ ಕಡೆ, ಲ್ಯಾಪ್‌ಟಾಪಿನೊಳಗೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೆಂಡತಿ ಅಂಗಡಿಯಲ್ಲಿ ಅದನ್ನು ತೆರೆದು ನೋಡಿದರೆ ನಕ್ಷೆ ಇರಲಿಲ್ಲ.

"ಎಲ್ಲಿ ಹೋಯ್ತು?"

"ಮನೆಯಳಿಯ ಹಿಡಕೊಂಡಿದಾನೆ" ಎಂದಳು ಅವಳು, ಪರದೆಯ ಮೂಲೆಯ ಒಕ್ಕಣೆ ಓದುತ್ತಾ. "ನಕ್ಷೆ ಮೇಲೆ ಅನುಮಾನ ಬಂತಂತೆ. ತೆಗೆದು ತನ್ನ ಬಂದೀಖಾನೆಯಲ್ಲಿ ಇಟ್ಟಿದಾನೆ."

"ಬಿಡು ಅಂತ ಹೇಳು."

"ಹೇಳೋಣ ಅಂದ್ರೆ ಮನೆಯಳಿಯನ್ನೇ ಜಟ್ಟಿ ಹಿಡಕೊಂಡಿದಾನೆ. ಅವನ ಬಂದೀಖಾನೆ ತುಂಬ ವೈರಸ್ಸು ಇದೆ, ಇವನೇ ಕಳ್ಳರ ಯಜಮಾನ ಅಂತ. ಮನೆಯಳಿಯನ ಕಿಟಕಿ ತೆರೆಯೋಕೇ ಬಿಡ್ತಿಲ್ಲ."

ಜೋಡಿಬೀಗಣ್ಣ ಸ್ಟೂಲಿನ ಮೇಲೆ ಕೂತ. ನಕ್ಷೆ ಮನೆಯಳಿಯನ ಹೊಟ್ಟೆಯಲ್ಲಿ, ಮನೆಯಳಿಯ ಜಟ್ಟಿಯ ಕಂಕುಳಲ್ಲಿ. ಬೀಗದೊಳಗೊಂದು ಬೀಗ, ಎರಡರ ಕೈಯೂ ಒಳಗೇ. ಇಂಥದ್ದನ್ನು ಯಾರಾದರೂ ರಿಪೇರಿಗೆ ತಂದಿದ್ದರೆ, ಇದನ್ನು ಮಾಡಿದ ಮಹಾನುಭಾವನನ್ನು ಒಮ್ಮೆ ನೋಡಬೇಕಲ್ಲ ಎಂದು ಅವನು ನಗುತ್ತಿದ್ದ.

ದರ್ಜಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಓಡಿಬಂದ. ಪೋಸ್ಟ್‌ಮಾಸ್ತರು ಪೇಪರು ಮಡಚಿಕೊಂಡು ಬಂದರು. ಚಪ್ಪಲಿ ಹೊಲಿಸಿಕೊಳ್ಳಲು ಹೊರಟಿದ್ದವರು, ಹಾಲಿಗೆ ಹೊರಟಿದ್ದವರು, ಏನಕ್ಕೂ ಹೊರಡದೆ ಸುಮ್ಮನೆ ನಿಂತಿದ್ದವರು, ಎಲ್ಲರೂ ಅಂಗಡಿಯ ಮುಂದೆ ಜಮಾಯಿಸಿದರು. ಅಂದು ಆ ಬೀದಿಯಲ್ಲಿ ಸೇರಿದ್ದ ಜನ ನೋಡಿ ಎರಡು ಬಸ್ಸುಗಳು ಇಲ್ಲೇ ನಿಲ್ದಾಣ ಎಂದುಕೊಂಡು ನಿಂತವು.

"ಒಬ್ಬನ್ನ ಕತ್ತರಿಸಿ ಬಿಸಾಕಣ್ಣ" ಎಂದ ದರ್ಜಿ. "ಒಂದು ಅಂಗಿಗೆ ಎರಡು ಕಾಲರು ಯಾರು ಇಡ್ತಾರೆ?"

"ನೀನು ಒಂದು ಗುಂಡಿಯ ಅಂಗಿ ಹೊಲಿ, ಆಮೇಲೆ ನನಗೆ ಬುದ್ಧಿ ಹೇಳು."

"ಯಾವನನ್ನ ತೆಗೆಯೋದು ಅಂತ ಅವರವರ ಕಂಪನಿಯನ್ನೇ ಕೇಳಿ" ಎಂದರು ಪೋಸ್ಟ್‌ಮಾಸ್ತರು. "ಸಹಾಯವಾಣಿ ಅಂತ ಇರತ್ತಲ್ಲ."

ಜೋಡಿಬೀಗಣ್ಣ ತನ್ನ ಫೋನಿನಿಂದ ಮನೆಯಳಿಯನ ಕಂಪನಿಗೆ ಕರೆ ಮಾಡಿದ. ಒಂದು ತೆಳ್ಳನೆಯ ಹೆಣ್ಣುದನಿ ಅವನ ಕಷ್ಟವನ್ನೆಲ್ಲ ಕೇಳಿ, "ಸರ್, ನೀವು ಆಮೇಲೆ ಹಾಕಿದ ಪ್ರೋಗ್ರಾಂನ ತೆಗೀಬೇಕು ಸರ್. ಎರಡು ಒಟ್ಟಿಗೆ ಇರಬಾರದು" ಎಂದಿತು. ಹೆಂಡತಿಯ ಫೋನಿನಿಂದ ಜಟ್ಟಿಯ ಕಂಪನಿಗೆ ಕರೆ ಮಾಡಿದ. ಒಂದು ದಪ್ಪನೆಯ ಗಂಡುದನಿ, "ಸರ್, ಲ್ಯಾಪ್‌ಟಾಪ್ ಜೊತೆ ಬಂದಿರೋದನ್ನ ತೆಗೀಬೇಕು ಸರ್. ಎರಡು ಒಟ್ಟಿಗೆ ಇರಬಾರದು" ಎಂದಿತು.

"ನಿಮ್ಮಿಬ್ಬರ ವ್ಯವಹಾರ ನೀವೇ ಬಗೆಹರಿಸಿಕೊಳ್ಳಿ" ಎಂದು ಜೋಡಿಬೀಗಣ್ಣ ಎರಡೂ ಫೋನುಗಳ ಸ್ಪೀಕರ್ ಹಾಕಿ, ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ ಎದುರುಬದುರು ಮಲಗಿಸಿ, ಮೇಲಿಂದ ರಬ್ಬರ್ ಬ್ಯಾಂಡ್ ಸುತ್ತಿಬಿಟ್ಟ. ಜನ ಸುತ್ತ ನಿಂತರು.

"ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ?" ಎಂದಿತು ತೆಳ್ಳನೆಯ ದನಿ.

"ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ?" ಎಂದಿತು ದಪ್ಪನೆಯ ದನಿ.

"ಸರ್, ಸಹಾಯ ಮಾಡೋದು ನಾವು."

"ಇಲ್ಲ ಮೇಡಂ, ನಾವು. ದಯವಿಟ್ಟು ನಿಮ್ಮ ಸಮಸ್ಯೆ ತಿಳಿಸಿ."

"ನಮಗೇನೂ ಸಮಸ್ಯೆ ಇಲ್ಲ ಸರ್. ನೀವೇ ನಮ್ಮ ಸಮಸ್ಯೆ."

"ನಿಮ್ಮ ಅನಿಸಿಕೆಗೆ ಧನ್ಯವಾದ ಮೇಡಂ. ನಿಮ್ಮ ಪ್ರೋಗ್ರಾಂನ ತೆಗೆದುಬಿಡಿ."

"ನಾವು ಮೊದಲೇ ಬಂದು ಕೂತಿದ್ವಿ ಸರ್."

"ಕೂತ್ಕೊಂಡಿದ್ರೆ ಆಯ್ತಾ ಮೇಡಂ? ನಮ್ಮನ್ನ ಅವರು ಆಯ್ಕೆ ಮಾಡಿ ಕರಕೊಂಡು ಬಂದಿದಾರೆ."

"ಸರಿಯಾಗಿ ಹೇಳಿದ" ಎಂದ ಜೋಡಿಬೀಗಣ್ಣ. ಜನ ಎರಡು ಪಕ್ಷವಾದರು. ಮೊದಲೇ ಬಂದು ಕೂತವರಿಗೆ ಹಕ್ಕು ಇಲ್ಲವೇ ಎಂದು ಬಾಡಿಗೆ ಮನೆಯವರೆಲ್ಲ ಮನೆಯಳಿಯನ ಕಡೆ. ಕರೆದು ತಂದವರಿಗೆ ಮರ್ಯಾದೆ ಬೇಡವೇ ಎಂದು ಮನೆ ಮಾಲೀಕರೆಲ್ಲ ಜಟ್ಟಿಯ ಕಡೆ. ಫೋನುಗಳಲ್ಲಿ ಇಬ್ಬರೂ "ಕ್ಷಮಿಸಿ", "ದಯವಿಟ್ಟು", "ಧನ್ಯವಾದ" ಎಂಬ ಶಬ್ದಗಳನ್ನೇ ಚಪ್ಪಲಿಯ ಹಾಗೆ ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ಹತ್ತೂವರೆ ಆಗುತ್ತಾ ಬಂತು. ರಸ್ತೆಯಾಚೆ ಎದುರಂಗಡಿಯವನು ಗಾಜಿನ ಬಾಗಿಲಿಗೆ ಬೀಗ ಹಾಕಿ, ಒಂದೇ ಬೀಗ, ಕಂಕುಳಲ್ಲಿ ನೀಲಿ ಫೈಲೊಂದನ್ನು ಸಿಕ್ಕಿಸಿಕೊಂಡು, "ಬರೋಲ್ವಾ ಜೋಡಿಬೀಗಣ್ಣ? ಬಾಗಿಲು ಸಿಕ್ಕಿಹಾಕಿಕೊಂಡಿದ್ರೆ ಹೇಳು, ಬೀಗದೋರನ್ನ ಕಳಿಸ್ತೀನಿ" ಎಂದು ಹೊರಟ.

ಆ ಮಾತಿಗೆ ಜೋಡಿಬೀಗಣ್ಣ ಎದ್ದ. ಅವನು ಎದ್ದ ರಭಸಕ್ಕೆ ಸ್ಟೂಲು ಬೀದಿಯ ತುದಿಯವರೆಗೆ ಹೋಗಿ ತಾನಾಗಿ ವಾಪಸ್ಸು ಬಂತು.

"ರೀ" ಎಂದಳು ಹೆಂಡತಿ ತಗ್ಗಿದ ದನಿಯಲ್ಲಿ. "ನನ್ನ ಮಾತು ಕೇಳಿ. ಮನೆಯಳಿಯನ್ನ ತೆಗೆದ್ರೆ ಅವನ ಹೊಟ್ಟೆಯಲ್ಲಿರೋ ನಕ್ಷೆನೂ ಹೋಗತ್ತೆ. ಜಟ್ಟೀನ ತೆಗೆದ್ರೆ ಮನೆಯಳಿಯ ಬಾಯಿ ಬಿಡ್ತಾನೆ. ಜಟ್ಟೀನ ತೆಗೆದುಬಿಡೋಣ."

"ನಾನೇ ಆರಿಸಿ ತಂದೋನನ್ನ ನಾನೇ ಹೊರಗೆ ಹಾಕೋದಾ? ಕರೀದೇ ಬಂದೋನನ್ನ ಒಳಗಿಟ್ಟುಕೊಂಡು?"

"ಸುಮ್ನೆ ಹಟ."

"ಹಟ ಅಲ್ಲ, ನ್ಯಾಯ. ಲ್ಯಾಪ್‌ಟಾಪ್ ತಗೋ, ಹೊರಡು. ನಾನು ಬಾಯಲ್ಲಿ ಹೇಳಿ ಗೆಲ್ತೀನಿ."

ಸಿಕ್ಕಿದ ಒಂದು ಬಾಡಿಗೆ ವ್ಯಾನಿನಲ್ಲಿ ಇಬ್ಬರೂ ಹೊರಟರು. ಅವನು ಮುಂದೆ ಡ್ರೈವರನ ಪಕ್ಕ ಕೂತು, ಅಧಿಕಾರಿಗಳ ಮುಂದೆ ಆಡಬೇಕಾದ ಮಾತುಗಳನ್ನು ಗಾಳಿಗೆ ಒಪ್ಪಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಹೆಂಡತಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ರಬ್ಬರ್ ಬ್ಯಾಂಡು ಬಿಚ್ಚಿ, ತೆಳ್ಳನೆಯ ದನಿಯಿದ್ದ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. "ಹೂಂ... ಹೂಂ... ಆಯ್ತಮ್ಮ... ಆಮೇಲೆ?" ಎನ್ನುತ್ತಿದ್ದಳು. ಇಂಥ ಹೊತ್ತಿನಲ್ಲೂ ತಂಗಿಯ ಜೊತೆ ಹರಟೆ ಬೇಕೇ ಎಂದು ಜೋಡಿಬೀಗಣ್ಣ ಒಳಗೇ ಕುದಿದ. ಆದರೆ ಭಾಷಣ ಕೆಡುತ್ತದೆಂದು ತಿರುಗಿ ನೋಡಲಿಲ್ಲ.

ಆಡಳಿತಾಧಿಕಾರಿಯ ಕೋಣೆಯಲ್ಲಿ ಮೇಜಿನ ಮೇಲೆ ಆಗಲೇ ಎದುರಂಗಡಿಯವನ ನಕ್ಷೆ ಹಾಸಿತ್ತು. ಬಣ್ಣ ಬಣ್ಣದ ಗೆರೆ ಎಳೆದು, ತಲೆಬರಹ ಹಾಕಿ ಮದುಮಗಳಂತೆ ಸಿಂಗರಿಸಿದ್ದ. ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು, "ನಿಮ್ಮದೆಲ್ಲಿ?" ಎಂದರು.

"ಇದರೊಳಗಿದೆ ಸಾರ್" ಎಂದು ಜೋಡಿಬೀಗಣ್ಣ ಹೆಂಡತಿಯ ಕೈಯಲ್ಲಿದ್ದ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದ.

"ತೋರಿಸಿ."

"ತೋರಿಸಲ್ಲ."

ಅಧಿಕಾರಿಯ ಕನ್ನಡಕ ತಾನಾಗಿ ಹಣೆಯಿಂದ ಮೂಗಿಗೆ ಇಳಿಯಿತು. "ಅಂದ್ರೆ?"

"ತೋರಿಸೋಕೆ ಆಗಲ್ಲ ಅಂತಲ್ಲ, ಸಾರ್. ತೋರಿಸಬಾರದು. ಇದರೊಳಗೆ ನಾನು ಇಬ್ಬರು ಕಾವಲುಗಾರರನ್ನ ಇಟ್ಟಿದೀನಿ. ಒಬ್ಬನ ಮೇಲೆ ಒಬ್ಬ. ನಕ್ಷೆ ಅವರ ವಶದಲ್ಲಿದೆ. ಯಾರು ಕೇಳಿದ್ರೂ ಕೊಡಲ್ಲ. ಇದನ್ನ ಮಾಡಿದ ನನಗೇ ಕೊಡಲ್ಲ. ಈ ಭೂಮಿ ಮೇಲೆ ಇದನ್ನ ತೆರೆಯೋ ಮನುಷ್ಯ ಇನ್ನೂ ಹುಟ್ಟಿಲ್ಲ. ಭದ್ರತೆ ಅಂದ್ರೆ ಇದು. ಈಗ ಈ ಮೇಜು ನೋಡಿ. ಔಷಧಿ ಕೋಣೆಗೆ ಯಾವ ಕೈ ಅಂತ ಮೂರನೇ ಸಾಲಲ್ಲಿ ಕೆಂಪು ಶಾಯಿಯಲ್ಲಿದೆ. ನಾನು ಓದಿದೆ. ಬಾಗಿಲ ಹತ್ತಿರ ನಿಂತಿರೋ ಜವಾನಪ್ಪನೂ ಓದಿದಾನೆ."

"ನಾನು ಓದಿಲ್ಲ ಸಾರ್" ಎಂದ ಜವಾನ. "ನಾಲ್ಕನೇ ಸಾಲು ಅದು."

ಎದುರಂಗಡಿಯವನು ಎರಡೂ ಕೈ ಹರಡಿ ನಕ್ಷೆಯ ಮೇಲೆ ಮಲಗಿದಂತೆ ಬಗ್ಗಿದ. "ಸಾರ್, ಇವರು ನಕ್ಷೆ ಮಾಡೇ ಇಲ್ಲ. ಅದಕ್ಕೆ ಈ ನಾಟಕ."

"ಮಾಡಿಲ್ಲ ಅಂತ ನೀನು ಸಾಬೀತು ಮಾಡು. ತೆರೆದು ತೋರಿಸು ನೋಡೋಣ" ಎಂದ ಜೋಡಿಬೀಗಣ್ಣ, ಎದೆಯನ್ನು ಕೋಣೆಯ ಅರ್ಧ ತುಂಬುವಷ್ಟು ಉಬ್ಬಿಸಿ.

ಅಧಿಕಾರಿ ಗಲ್ಲ ತೀಡಿಕೊಂಡರು. ಅವರ ಆಸ್ಪತ್ರೆಯಲ್ಲಿ ಹಿಂದಿನ ತಿಂಗಳಷ್ಟೇ ಔಷಧಿ ಕೋಣೆಯಿಂದ ಸಾಮಾನು ಕಾಣೆಯಾಗಿ, ಮೇಲಿನವರಿಂದ ಅವರು ಮುಖಕ್ಕೆ ಮಂಗಳಾರತಿ ಎತ್ತಿಸಿಕೊಂಡಿದ್ದರು. ಮಾಡಿದವನಿಗೇ ತೆರೆಯಲಾಗದ ಭದ್ರತೆ ಎಂಬ ಮಾತು ಅವರ ಕಿವಿಗೆ ಜೇನಿನಂತೆ ಇಳಿಯಿತು.

"ಇದು ನೋಡಿ ಜವಾಬ್ದಾರಿ ಅಂದ್ರೆ" ಎಂದರು ಅವರು ಕೊನೆಗೆ. "ರೀ ಎದುರಂಗಡಿಯವರೆ, ನಿಮ್ಮ ಕಾಗದ ಸುತ್ತಿಕೊಳ್ಳಿ. ನೀವು ಕೂತ್ಕೊಳ್ಳಿ, ಯಜಮಾನ್ರೆ. ನೀವೂ ಕೂತ್ಕೊಳ್ಳಮ್ಮ."

ಕೂತದ್ದು ಕುರ್ಚಿಯ ಮೇಲಾದರೂ ಜೋಡಿಬೀಗಣ್ಣನಿಗೆ ಸಿಂಹಾಸನದಂತೆ ಕಂಡಿತು. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪನ್ನು ಮೇಜಿನ ಅಂಚಿಗೆ ಇಟ್ಟುಕೊಂಡಳು. ಎದುರಂಗಡಿಯವನು ನಕ್ಷೆ ಸುತ್ತುತ್ತಾ ಸುತ್ತುತ್ತಾ, ಮುಗಿದರೂ ಸುತ್ತುತ್ತಲೇ ಇದ್ದ.

"ಕಟ್ಟಡದ ಬೀಗ ನಿಮಗೇ ಬಿಟ್ಟೆ" ಎಂದರು ಅಧಿಕಾರಿ. "ಅದರ ಜೊತೆಗೆ ಇನ್ನೊಂದು ಕೆಲಸ. ನಮ್ಮ ಕಂಪ್ಯೂಟರುಗಳಿಗೂ ಹೀಗೇ ಮಾಡಿಕೊಡಬೇಕು. ಈಗ ಒಬ್ಬನೇ ಕಾವಲಿದಾನೆ. ನಾಳೆ ಬೆಳಿಗ್ಗೆನೇ ಬಂದು ನಿಮ್ಮ ಆ ಎರಡನೆಯವನನ್ನ ಎಲ್ಲದಕ್ಕೂ ಹಾಕಿಬಿಡಿ. ರಕ್ತ ಪರೀಕ್ಷೆಯದ್ದು, ಎಕ್ಸ್-ರೇದು, ಆಪರೇಷನ್ ಕೋಣೆಯದು, ಒಂದನ್ನೂ ಬಿಡಬೇಡಿ."

ಜೋಡಿಬೀಗಣ್ಣನ ಬಾಯಿ "ಆಗಲಿ" ಎಂದು ತೆರೆಯಿತು. ತೆರೆದದ್ದು ಹಾಗೇ ನಿಂತಿತು. ಅವನ ಕಣ್ಣಿಗೆ ಕಟ್ಟಿತು: ಆಪರೇಷನ್ ಮೇಜಿನ ಮೇಲೆ ಹೊಟ್ಟೆ ಕೊಯ್ಯಿಸಿಕೊಂಡು ಒಬ್ಬ ಮಲಗಿದ್ದಾನೆ. ಅವನ ರಕ್ತ ಯಾವ ಗುಂಪಿನದೆಂದು ಕಂಪ್ಯೂಟರನ್ನು ಕೇಳುತ್ತಾರೆ. ಮನೆಯಳಿಯ ಅದನ್ನು ನುಂಗಿದ್ದಾನೆ, ಮನೆಯಳಿಯನನ್ನು ಜಟ್ಟಿ ಹಿಡಿದುಕೊಂಡಿದ್ದಾನೆ. ಡಾಕ್ಟರು ಕತ್ತರಿ ಹಿಡಿದು ಸಹಾಯವಾಣಿಗೆ ಫೋನು ಮಾಡುತ್ತಿದ್ದಾರೆ. ತೆಳ್ಳನೆಯ ದನಿ ನಮಸ್ಕಾರ ಎನ್ನುತ್ತಿದೆ.

"ಏನಂತೀರಿ? ನಾಳೆ ಆಗುತ್ತಲ್ಲ?" ಎಂದರು ಅಧಿಕಾರಿ.

"ಸಾರ್... ನಾಳೆ ಅಂದ್ರೆ..."

ಅಷ್ಟರಲ್ಲಿ ಲ್ಯಾಪ್‌ಟಾಪು ಟಿಣ್ ಎಂದಿತು. ಅದೇನೂ ದೊಡ್ಡ ಸದ್ದಲ್ಲ, ಚಮಚ ಲೋಟಕ್ಕೆ ತಾಗಿದಷ್ಟು. ಎಲ್ಲರೂ ತಿರುಗಿ ನೋಡಿದರು. ಫ್ಯಾನಿನ ಆರ್ಭಟ ಇಲ್ಲ. ದೂರುಗಳಿಲ್ಲ. ಪರದೆಯ ತುಂಬ ಆಸ್ಪತ್ರೆಯ ಹೊಸ ಕಟ್ಟಡದ ಮಾಸ್ಟರ್ ಕೀ ನಕ್ಷೆ, ನೆಲಮಹಡಿಯಿಂದ ತಾರಸಿಯವರೆಗೆ, ಒಂದು ಬಾಗಿಲೂ ತಪ್ಪದಂತೆ ತೆರೆದು ಕೂತಿತ್ತು. ಅದರ ಮುಂದೆ ಅವನ ಹೆಂಡತಿ, ಒಂದು ಬೆರಳನ್ನು ಇನ್ನೂ ಗುಂಡಿಯ ಮೇಲಿಟ್ಟುಕೊಂಡು ಕೂತಿದ್ದಳು.

"ಈ ಭೂಮಿ ಮೇಲೆ ಇದನ್ನ ತೆರೆಯೋರು ಹುಟ್ಟಿಲ್ಲ ಅಂದ್ರಿ" ಎಂದರು ಅಧಿಕಾರಿ, ಒಂದೊಂದೇ ಪದವನ್ನು ಎತ್ತಿಡುತ್ತಾ.

"ವ್ಯಾನಲ್ಲಿ ಬರುವಾಗ ಜಟ್ಟೀನ ತೆಗೆದೆ, ಸಾರ್" ಎಂದಳು ಅವಳು. "ಆ ಹುಡುಗಿ ಫೋನಲ್ಲಿ ಒಂದೊಂದೇ ಹೇಳಿಕೊಟ್ಟಳು. ಆಫ್ ಮಾಡಿ ಆನ್ ಮಾಡೋದು ಬಾಕಿ ಇತ್ತು. ನೀವಿಬ್ಬರೂ ಮಾತಾಡ್ತಿದ್ರಲ್ಲ, ಆಗ ಮಾಡಿದೆ. ಮನೆಯಳಿಯ ಬಾಯಿ ಬಿಟ್ಟ, ಕೊಟ್ಟ."

"ತಂಗಿ ಜೊತೆ ಹರಟೆ ಅಂದ್ಕೊಂಡಿದ್ದೆ" ಎಂದ ಜೋಡಿಬೀಗಣ್ಣ.

"ತಂಗಿಗೆ ನಾನು ಯಾವತ್ತು ಆಯ್ತಮ್ಮ ಅಂದಿದೀನ್ರೀ?"

ಎದುರಂಗಡಿಯವನು ಸುತ್ತಿದ್ದ ನಕ್ಷೆಯನ್ನು ಮತ್ತೆ ಮೆಲ್ಲಗೆ ಬಿಚ್ಚತೊಡಗಿದ. ಅಧಿಕಾರಿ ಕುರ್ಚಿಗೆ ಒರಗಿ ಕೈಕಟ್ಟಿದರು. "ಯಜಮಾನ್ರೆ, ನಿಜ ಏನು ಅಂತ ನಿಮ್ಮ ಬಾಯಲ್ಲೇ ಕೇಳೋಣ. ಭದ್ರತೆ ಅಂದ್ರಿ. ನಾನು ನನ್ನ ಆಪರೇಷನ್ ಕೋಣೇನ ನಿಮ್ಮ ಕೈಗೆ ಕೊಡ್ತಿದ್ದೆ."

ಜೋಡಿಬೀಗಣ್ಣ ಎದ್ದು ನಿಂತ. ಉಬ್ಬಿದ್ದ ಎದೆ ಎಲ್ಲರ ಎದೆಯಷ್ಟಾಯಿತು. ತಲೆ ಮಾತ್ರ ಬಗ್ಗಲಿಲ್ಲ.

"ಕೇಳಿ ಸಾರ್. ಭದ್ರತೆ ಗಿದ್ರತೆ ಏನೂ ಇಲ್ಲ. ಒಂದು ಕಾವಲು ಇದ್ದ ಕಡೆ ನಾನು ಇನ್ನೊಂದನ್ನ ತಂದು ಕೂರಿಸಿದೆ. ತೆಗೆಯೋಣವಾ ಅಂತ ಅದೇ ಕೇಳ್ತು, ಇವಳೂ ಕೇಳಿದಳು, ಬೇಡ ಅಂದೆ. ಅವರಿಬ್ಬರೂ ಕತ್ತಿನ ಪಟ್ಟಿ ಹಿಡಕೊಂಡು ನಡುವೆ ನಕ್ಷೆ ಸಿಕ್ಕಿಹಾಕಿಕೊಂಡ್ತು. ಬೆಳಿಗ್ಗೆ ಎಂಟರಿಂದ ಅದನ್ನ ತೆರೆಯೋಕೆ ಒದ್ದಾಡಿದೀನಿ, ಆಗಲಿಲ್ಲ. ಆಗಲಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ತೆರೆಯಬಾರದು ಅಂದೆ. ಅಷ್ಟೇ ಸುಳ್ಳು. ನಿಮ್ಮ ಕಂಪ್ಯೂಟರುಗಳಿಗೆ ಎರಡನೆಯವನನ್ನ ಹಾಕಬೇಡಿ. ನಾನಂತೂ ಹಾಕಲ್ಲ, ಕಟ್ಟಡ ಕೊಟ್ರೂ ಹಾಕಲ್ಲ, ಕಿತ್ಕೊಂಡ್ರೂ ಹಾಕಲ್ಲ. ಮತ್ತೆ ಆ ನಕ್ಷೆ ಇದೆಯಲ್ಲ, ಅದರಲ್ಲಿ ಒಂದು ಬಾಗಿಲು ತಪ್ಪಿದ್ರೆ ನನ್ನ ಅರ, ಇಕ್ಕಳ ಎಲ್ಲ ಇಲ್ಲೇ ಇಟ್ಟು ಹೋಗ್ತೀನಿ. ಬೀಗ ನನಗೆ ಗೊತ್ತು. ಕಂಪ್ಯೂಟರ್ ಗೊತ್ತಿಲ್ಲ."

ಅಧಿಕಾರಿ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ನಕ್ಷೆಯನ್ನು ಮೇಲಿಂದ ಕೆಳಗೆ ನೋಡಿದರು. ಔಷಧಿ ಕೋಣೆಯ ಹತ್ತಿರ ಬೆರಳಿಟ್ಟು ನಿಂತರು. ಅಲ್ಲಿಂದ ಹೆರಿಗೆ ವಾರ್ಡಿಗೆ ಹೋದರು, ಹೆಣದ ಕೋಣೆಗೆ ಹೋದರು, ಮತ್ತೆ ಔಷಧಿ ಕೋಣೆಗೆ ಬಂದರು.

"ನಕ್ಷೆ ಸರಿಯಾಗಿದೆ" ಎಂದರು. ಎದುರಂಗಡಿಯವನ ಕೈ ಬಿಚ್ಚುವುದನ್ನು ನಿಲ್ಲಿಸಿತು. "ಬೀಗದ ಕೆಲಸ ನಿಮ್ಮದೇ. ಆದ್ರೆ ನಮ್ಮ ಕಂಪ್ಯೂಟರುಗಳದ್ದು ಏನು ಮಾಡೋದ್ರೀ? ಇರೋನೊಬ್ಬನೇ ಅಂದ್ಕೊಂಡಿದೀನಿ. ಯಾವುದರಲ್ಲಿ ಎಷ್ಟು ಜನ ಕೂತಿದಾರೋ ಯಾರಿಗೆ ಗೊತ್ತು. ಎಕ್ಸ್-ರೇದು ಬೆಳಿಗ್ಗೆಯಿಂದ ವಿಮಾನದ ಹಾಗೆ ಕೂಗ್ತಿದೆ."

ಜೋಡಿಬೀಗಣ್ಣ ಬಾಯಿ ತೆರೆದ. ಒಂದು ಕ್ಷಣ ಆ ಬಾಯಿ ಎಲ್ಲಿಗೆ ಹೋಗುವುದೋ ಎಂದು ಕೋಣೆಯವರೆಲ್ಲ ಕಾದರು.

"ಅದನ್ನ ನನ್ನ ಕೇಳಬೇಡಿ ಸಾರ್" ಎಂದ ಅವನು. "ಇವಳನ್ನ ಕೇಳಿ. ಪಟ್ಟು ಹಿಡಿದು ಕೂತೋರನ್ನ ಎಬ್ಬಿಸೋದು ಇವಳಿಗೆ ಬರತ್ತೆ. ನನಗೆ ಕೂರಿಸೋದಷ್ಟೇ ಬರೋದು."